ಸಹಾಯ ಬೇಕು: ವ್ಯಾಪಾರದಿಂದ ಸಿನಿಮಾ ನಿರ್ಮಾಣಕ್ಕೆ, ಕರಾರು ಮತ್ತು ತೆರಿಗೆ

ನಮಸ್ಕಾರ. ಸಗಟು ವ್ಯಾಪಾರ ನಿಲ್ಲಿಸಿ ಸಣ್ಣ ಬಜೆಟ್ಟಿನ ಕನ್ನಡ ಚಿತ್ರಕ್ಕೆ ಕೈಹಾಕುತ್ತಿದ್ದೇವೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಬ್ಯಾನರ್ (ನಿರ್ಮಾಣ ಸಂಸ್ಥೆಯ ಹೆಸರು), ಶೀರ್ಷಿಕೆ ನೋಂದಣಿ ಗೊತ್ತು, ಅದರ ಮಾಹಿತಿ ಬೇಡ.

ತೊಡಕಿರುವುದು ಕಥೆಯ ಕರಾರಿನಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಇನ್ನೂ ಒಂದು ಅಪಾಯ: 1 ವರ್ಷದೊಳಗೆ ಹಕ್ಕು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಹಣ ಹೊಂದಿಸುವುದರಲ್ಲೇ ವರ್ಷ ಕಳೆಯುವ ಹೊಸಬರಿಗೆ ಇದು ದುಬಾರಿ. ಇಷ್ಟೆಲ್ಲ ಒಳಗೊಂಡು ರೀಮೇಕ್, ಡಬ್ಬಿಂಗ್, ಓಟಿಟಿಯನ್ನು ಬಿಡಿಬಿಡಿಯಾಗಿ ಹೆಸರಿಸಿದ ಕನ್ನಡ ಕರಡು ಯಾರಲ್ಲಾದರೂ ಇದೆಯೇ?

ಎರಡನೆಯದು ಲೆಕ್ಕಪರಿಶೋಧಕರಿಗೆ. ಹಳೆಯ ಕಾಯ್ದೆಯಡಿಯ 1962ರ ಆದಾಯ ತೆರಿಗೆ ನಿಯಮ 9ಎ ಪ್ರಕಾರ, ಹಣಕಾಸು ವರ್ಷ ಮುಗಿಯಲು ಕನಿಷ್ಠ 90 ದಿನ ಇರುವಾಗ ಬಿಡುಗಡೆಯಾದರೆ ಪೂರ್ತಿ ನಿರ್ಮಾಣ ವೆಚ್ಚವನ್ನು ಆ ವರ್ಷದ ಆದಾಯದಿಂದಲೇ ಕಳೆಯಬಹುದು. ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದರೆ ಆ ವರ್ಷ ಚಿತ್ರದಿಂದ ಬಂದ ಹಣದಷ್ಟೇ ವೆಚ್ಚ ಕಳೆಯಬಹುದು, ಉಳಿದದ್ದು ಮರುವರ್ಷಕ್ಕೆ. ಸರಕಿನ ದಾಸ್ತಾನಿನ ಲೆಕ್ಕ ಬಲ್ಲವರಿಗೂ ಇದು ಹೊಸದು! 2025ರ ಹೊಸ ಆದಾಯ ತೆರಿಗೆ ಕಾಯ್ದೆಯಡಿ ಇದು ಹೇಗೆ ಅನ್ವಯ?

ಕೊನೆಗೆ, ಚಿತ್ರೀಕರಣದಲ್ಲೇ ಹಣ ಕರಗಿ 5.1 ಮಿಕ್ಸಿಂಗ್ (ಚಿತ್ರಮಂದಿರಕ್ಕೆ ಧ್ವನಿ ಹೊಂದಿಸುವುದು), ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ), ಪ್ರಚಾರಕ್ಕೆ ಬರಿಗೈ ಆಗುವುದು ಸಾಮಾನ್ಯ. ಅನಿರೀಕ್ಷಿತ ಖರ್ಚಿಗೆ 10% ತೆಗೆದಿಟ್ಟಿದ್ದೇವೆ. ಪ್ರಚಾರದ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇಟ್ಟವರು, ಅದನ್ನು ಯಾವ ಹಂತದಲ್ಲಿ ತೆರೆದಿರಿ ಎಂದು ತಿಳಿಸಿ.