ಸಹಾಯ ಬೇಕು: ಇದು ಮೇಪಲ್ಲೋ, ಸ್ವೀಟ್‌ಗಮ್ಮೋ?

ನಮಸ್ಕಾರ. ಎಲೆ ಉದುರಿಸುವ ಒಂದು ದೊಡ್ಡ ನೆರಳಿನ ಮರದ ಗುರುತು ಹಿಡಿಯೋಕೆ ನಿಮ್ಮ ಸಹಾಯ ಬೇಕು. ಎಲೆ ನಕ್ಷತ್ರದ ಹಾಗಿದೆ, ಐದು ಮೊನೆ, ಅಂಚಿನಲ್ಲಿ ಸಣ್ಣ ಹಲ್ಲು. ಶರತ್ಕಾಲ ಬಂತೆಂದರೆ ಒಂದೇ ಕೊಂಬೆಯಲ್ಲಿ ಹಳದಿ, ಕಿತ್ತಳೆ, ಕಡುಗೆಂಪು, ನೇರಳೆ ಎಲ್ಲಾ ಕಾಣುತ್ತದೆ, ನೋಡೋಕೆ ಎರಡು ಕಣ್ಣು ಸಾಲದು.

ಎಲ್ಲರೂ ಮೇಪಲ್ ಅನ್ನುತ್ತಾರೆ. ನನಗೆ ಅನುಮಾನ. ಮೇಪಲ್‌ನಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಇದರಲ್ಲಿ ಒಂದು ಆ ಕಡೆ, ಒಂದು ಈ ಕಡೆ. ಎಲೆ ಹಿಸುಕಿದರೆ ಘಮ್ಮನೆ ವಾಸನೆ ಬರುತ್ತದೆ. ಎಳೆ ರೆಂಬೆಗಳ ಮೇಲೆ ಬೆಂಡಿನಂಥ ಏಣು ಎದ್ದಿವೆ, ಬುಡದಲ್ಲಿ ಮೈತುಂಬಾ ಮುಳ್ಳಿರುವ ಗಟ್ಟಿ ಗುಂಡು ಕಾಯಿಗಳು ಬಿದ್ದಿವೆ. ಮೇಪಲ್ ಆಗಿದ್ದರೆ ರೆಕ್ಕೆ ಇರುವ ಕಾಯಿ ಇರಬೇಕಿತ್ತು ಅಲ್ವಾ? ಹಾಗಾಗಿ ಇದು ಸ್ವೀಟ್‌ಗಮ್, ಅಂದರೆ ಲಿಕ್ವಿಡಾಂಬರ್ ಅಂತ ನನ್ನ ಅಂದಾಜು. ಬೆಳೆಸಿದವರು ದಯವಿಟ್ಟು ಹೌದೋ ಅಲ್ವೋ ಹೇಳಿ.

ಈ ಮರವನ್ನು ಬೀಜದಿಂದ ಬೆಳೆಸಬೇಕೆಂದರೆ ಬೀಜವನ್ನು ಒದ್ದೆ ಮರಳಲ್ಲಿ ಬೆರೆಸಿ 1ರಿಂದ 3 ತಿಂಗಳು ಫ್ರಿಜ್‌ನಲ್ಲಿಟ್ಟು ಬಿತ್ತಬೇಕು ಅಂತ ಗೊತ್ತು. ನನ್ನ ಚಿಂತೆ ಮಣ್ಣಿನದು. ಇಲ್ಲಿ ಸುಣ್ಣದ ಅಂಶ ಜಾಸ್ತಿ, ಈ ಮರಕ್ಕೋ ಸ್ವಲ್ಪ ಹುಳಿ ಮಣ್ಣೇ ಇಷ್ಟ, ಇಲ್ಲದಿದ್ದರೆ ಕಬ್ಬಿಣ ಸಿಗದೆ ನರ ಮಾತ್ರ ಹಸಿರಾಗಿ ಉಳಿದು ಎಲೆಯೆಲ್ಲ ಹಳದಿಗೆ ತಿರುಗುತ್ತದೆ. ಗಂಧಕ ಹಾಕಿ ಸರಿ ಮಾಡಿಕೊಂಡವರು ಇದ್ದೀರಾ? ಬೀಜದ ಸಸಿಗಳಲ್ಲಿ ಬಣ್ಣ ಒಂದೊಂದರಲ್ಲಿ ಒಂದೊಂದು ಥರ ಬರುವುದರಿಂದ ಕಸಿ ಗಿಡವೇ ವಾಸಿಯಾ?