ಗಟ್ಟಿ ಬೂಟು, ಕಿರಿದಾದ ಹಲಗೆ, ಒಂದೇ ಗೆರೆ: ಆಲ್ಪೈನ್ ಸ್ನೋಬೋರ್ಡ್ ಅನುಭವ ಹೇಳುವಿರಾ?

ಹೊಸಬ:
ಆರು ವರ್ಷಗಳಿಂದ ಮೆತ್ತನೆಯ ಬೂಟಿನ ಸಾಮಾನ್ಯ ಸ್ನೋಬೋರ್ಡ್ ಮೇಲೆ ಇಳಿಯುತ್ತಿದ್ದೇನೆ. ಕಳೆದ ತಿಂಗಳು ಚೇರ್‌ಲಿಫ್ಟ್‌ನಲ್ಲಿ ಕುಳಿತಿದ್ದಾಗ ಕೆಳಗೆ ಒಬ್ಬರು ಹೋಗುವುದನ್ನು ಕಂಡೆ. ಸ್ಕೀ ಮಾಡುವವರಂಥ ಪ್ಲಾಸ್ಟಿಕ್ ಬೂಟು, ಉದ್ದನೆಯ ಕಿರಿದಾದ ಹಲಗೆ. ಹಿಮ ಎರಚಲಿಲ್ಲ, ಸೊಂಟ ಮಾತ್ರ ನೆಲಕ್ಕೆ ಒಂದು ಗೇಣು ಎತ್ತರದಲ್ಲಿತ್ತು. ಅವರು ಹೋದ ಮೇಲೆ ಉಳಿದದ್ದು ಒಂದೇ ತೆಳು ಗೆರೆ. ಅಂದಿನಿಂದ ನನಗೆ ಬೇರೆ ಯೋಚನೆಯಿಲ್ಲ. ನಲವತ್ತು ದಾಟಿದವನು ಇದನ್ನು ಕಲಿಯಬಹುದೇ? ಯಾವ ಸಲಕರಣೆ ಕೊಳ್ಳಲಿ? ಪಟ್ಟ ಕಷ್ಟಕ್ಕೆ ತಕ್ಕ ಸುಖ ಇದೆಯೇ?

ಹಳೆಯ ಹಲಗೆ:
ಕೊನೆಯ ಪ್ರಶ್ನೆಯೇ ದೊಡ್ಡದು, ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಮೆತ್ತನೆಯ ಬೂಟಿನಲ್ಲಿ ನಾವು ಬಹುಪಾಲು ಮಾಡುವುದು ಕೆರೆಯುವ ಕೆಲಸ. ಹಿಂಗಾಲಿನಿಂದ ಹಲಗೆಯ ಬಾಲವನ್ನು ತಳ್ಳುತ್ತೇವೆ, ಅದು ಅಡ್ಡಡ್ಡ ಜಾರುತ್ತಾ ವೇಗ ಕಳೆಯುತ್ತದೆ, ತಿರುಗಿದೆವು ಎಂದುಕೊಳ್ಳುತ್ತೇವೆ. ಇಲ್ಲಿ ತಳ್ಳುವುದೇ ಇಲ್ಲ. ಹಲಗೆಯನ್ನು ಅಂಚಿನ ಮೇಲೆ ವಾಲಿಸಿ ಕಾಯಬೇಕು. ಅದರ ಎರಡೂ ಪಕ್ಕಗಳನ್ನು ಒಳಕ್ಕೆ ಕಮಾನಿನಂತೆ ಕೊರೆದಿರುತ್ತಾರೆ. ವಾಲಿಸಿ ಭಾರ ಬಿಟ್ಟಾಗ ಹಲಗೆ ಬಾಗುತ್ತದೆ, ಅಂಚು ತನ್ನ ದಾರಿಯನ್ನು ತಾನೇ ಕೊಯ್ದುಕೊಳ್ಳುತ್ತದೆ. ಇದಕ್ಕೇ ಕಾರ್ವಿಂಗ್ ಎನ್ನುವುದು. ಆ ಕಮಾನಿನ ತ್ರಿಜ್ಯ 10 ಮೀಟರ್ ಇದ್ದರೆ, 60 ಡಿಗ್ರಿ ವಾಲಿಸಿದಾಗ ತಿರುವಿನ ತ್ರಿಜ್ಯ ಸುಮಾರು 5 ಮೀಟರಿಗೆ ಇಳಿಯುತ್ತದೆ. ಬಿಗಿಯಾದ ತಿರುವಿಗೆ ಬೇಕಾದದ್ದು ತೋಳ್ಬಲವಲ್ಲ, ಇನ್ನಷ್ಟು ವಾಲುವ ಧೈರ್ಯ.

ನನಗೆ ಆ ಧೈರ್ಯ ಬಂದದ್ದು ನಾಲ್ಕನೆಯ ದಿನ. ಮೊದಲ ಮೂರು ದಿನ ಬಿದ್ದದ್ದನ್ನು ಎಣಿಸಲಿಲ್ಲ. ಮಕ್ಕಳು ಕಲಿಯುವಂಥ ಸಪ್ಪೆ ಇಳಿಜಾರಿನಲ್ಲಿ, ಬೇಸತ್ತು ಸುಮ್ಮನೆ ವಾಲಿ ನಿಂತುಬಿಟ್ಟೆ. ಪಾದದಡಿಯ ಗರಗರ ಥಟ್ಟನೆ ನಿಂತುಹೋಯಿತು. ಅಷ್ಟೇ. ಹಿಂತಿರುಗಿ ನೋಡಿದರೆ ಸೀಸದ ಕಡ್ಡಿಯಲ್ಲಿ ಎಳೆದಂಥ ಗೆರೆ, ಏಳೆಂಟು ಮೀಟರ್ ಉದ್ದ. ಮತ್ತೆ ಮೇಲಕ್ಕೆ ಹತ್ತಿ ಹೋಗಿ ಅದನ್ನು ಬೆರಳಿನಿಂದ ಮುಟ್ಟಿ ಬಂದೆ. ನಗಬೇಡಿ, ಎಲ್ಲರೂ ಮುಟ್ಟುತ್ತಾರೆ.

ವೇಗ ಸೇರಿದ ಮೇಲೆ ಸುಖವೇ ಬೇರೆ. ತಿರುವಿನ ನಡುವೆ ಮೈ ಭಾರವಾಗುತ್ತದೆ. ಗಿರ್ರನೆ ತಿರುಗಿಸಿದ ಬಕೆಟ್ಟಿನ ತಳಕ್ಕೆ ನೀರು ಒತ್ತಿ ನಿಲ್ಲುವಂತೆ ನೀವು ಹಲಗೆಗೆ ಒತ್ತಿ ನಿಲ್ಲುತ್ತೀರಿ. ತಿರುವು ಮುಗಿಯುತ್ತಲೇ ಬಾಗಿದ ಹಲಗೆ ಬಿಲ್ಲಿನಂತೆ ಬಿಚ್ಚಿಕೊಂಡು ಮುಂದಿನ ತಿರುವಿಗೆ ಎಸೆಯುತ್ತದೆ. ಆ ಅರೆಗಳಿಗೆ ಮೈಯಲ್ಲಿ ತೂಕವೇ ಇರುವುದಿಲ್ಲ.

ಅಳತೆಪಟ್ಟಿ:
ಮೇಲಿನವರು ಕವಿತೆ ಬರೆದರು, ನಾನು ಸಾಮಾನಿನ ಲೆಕ್ಕ ಕೊಡುತ್ತೇನೆ. ಸಾಮಾನ್ಯ ಸ್ನೋಬೋರ್ಡಿನ ನಡು ಸುಮಾರು 25 ಸೆಂಟಿಮೀಟರ್ ಅಗಲ. ಆಲ್ಪೈನ್ ಬೋರ್ಡಿನದು 18ರಿಂದ 21ರ ಆಸುಪಾಸು. ಇಷ್ಟು ಕಿರಿದಾದುದರ ಮೇಲೆ ಕಾಲು ಅಡ್ಡಲಾಗಿ ನಿಲ್ಲಲಾರದು, ಹಲಗೆಯ ಮೂತಿಯ ಕಡೆಗೆ ತಿರುಗಲೇಬೇಕು. ಮುಂಗಾಲು 50ರಿಂದ 65 ಡಿಗ್ರಿ, ಹಿಂಗಾಲು ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ. ಬೂಟಿನ ತುದಿಯಾಗಲಿ ಹಿಮ್ಮಡಿಯಾಗಲಿ ಅಂಚಿನಾಚೆ ಚಾಚಿಕೊಂಡರೆ, ಚೆನ್ನಾಗಿ ವಾಲಿದ ಕ್ಷಣದಲ್ಲೇ ಅದು ಹಿಮಕ್ಕೆ ತಗುಲಿ ಅಂಚನ್ನು ಮೇಲೆತ್ತುತ್ತದೆ. ಆಮೇಲೆ ನೀವು ಬೆನ್ನ ಮೇಲೆ.

ಮೊದಲ ಹಲಗೆಗೆ 20–21 ಸೆಂಟಿಮೀಟರ್ ನಡು, 10–12 ಮೀಟರ್ ತ್ರಿಜ್ಯ, 160 ಸೆಂಟಿಮೀಟರಿನ ಆಚೀಚೆ ಉದ್ದ ಸಾಕು. ಜೈಂಟ್ ಸ್ಲಾಲಮ್ (ನೆಟ್ಟ ಗುರುತುಗಳನ್ನು ಸುತ್ತಿ ವೇಗವಾಗಿ ಇಳಿಯುವ ಪಂದ್ಯ) ಓಟಗಾರರು ಬಿಟ್ಟ 185ರ ಹಲಗೆ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ನಾನು ತಂದೆ. ಅದು ನನ್ನ ಮಾತು ಕೇಳುವಷ್ಟು ವೇಗಕ್ಕೆ ಹೋಗಲು ನನಗೆ ಎರಡು ಚಳಿಗಾಲ ಬೇಕಾಯಿತು. ಅಷ್ಟರವರೆಗೆ ಅದು ಹೇಳಿದಲ್ಲಿಗೆ ನಾನು ಹೋದೆ. ‘ಟೈಟಾನಲ್’ ಪದರದ ಹಲಗೆ ಎಂದರೆ ಟೈಟಾನಿಯಂ ಎಂದುಕೊಳ್ಳುವವರಿದ್ದಾರೆ. ಅದು ಅಲ್ಯೂಮಿನಿಯಂ ಮಿಶ್ರಲೋಹ. ಅದುರುವಿಕೆಯನ್ನು ಹೀರಿಕೊಳ್ಳುತ್ತದೆ, ಗಟ್ಟಿ ಹಿಮದಲ್ಲಿ ಬಹಳ ಉಪಕಾರಿ. ಆರಂಭಕ್ಕೆ ಬೇಕೇಬೇಕೆಂದಿಲ್ಲ.

ಹಣವನ್ನು ಬೂಟಿಗೆ ಸುರಿಯಿರಿ. ಪಾದಕ್ಕೆ ಸರಿಹೊಂದದ ಬೂಟಿನ ಮುಂದೆ ಉಳಿದದ್ದೆಲ್ಲ ವ್ಯರ್ಥ.

ಕ್ಲಿಕ್ ಕ್ಲಿಕ್:
ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಬಗೆ ಇವೆ. ಒಂದರಲ್ಲಿ ಮುಂದೆ ಹಿಂದೆ ಉಕ್ಕಿನ ಕಂಬಿ, ಕೈಯಿಂದ ಎಳೆದು ಮುಚ್ಚುವುದು. ಇನ್ನೊಂದರಲ್ಲಿ ಬೂಟಿನ ಹಿಮ್ಮಡಿಯ ಇಕ್ಕೆಲಗಳಿಂದ ಹೊರಚಾಚುವ ಎರಡು ಪುಟ್ಟ ಪಿನ್ನುಗಳು ಬೈಂಡಿಂಗ್‌ನೊಳಗೆ ಕೂರುತ್ತವೆ. ಚೇರ್‌ಲಿಫ್ಟ್ ಇಳಿದು ನಿಂತಲ್ಲೇ ಹಿಮ್ಮಡಿ ಒತ್ತಿದರೆ ಮುಗಿಯಿತು, ಹಿಮದಲ್ಲಿ ಕುಂಡೆಯೂರಿ ಪಟ್ಟಿ ಬಿಗಿಯುವ ಕಾಟವಿಲ್ಲ.

ಆದರೆ ಒಂದು ಬೆಳಿಗ್ಗೆ ಹಿಮ್ಮಡಿಯಡಿ ಅಂಟಿದ್ದ ಮಂಜುಗಡ್ಡೆಯನ್ನು ಕೆರೆಯದೆ ಒತ್ತಿದೆ. ಒಂದೇ ಪಿನ್ ಕೂತಿತ್ತು. ಎರಡನೆಯ ತಿರುವಿನಲ್ಲಿ ಹಿಂಗಾಲು ಕಳಚಿತು, ಮುಂಗಾಲು ಹಲಗೆಯಲ್ಲೇ ಉಳಿಯಿತು. ಮೊಣಕಾಲು ಆರು ವಾರ ಮಲಗಿಸಿತು. ಸ್ಕೀ ಬೈಂಡಿಂಗ್‌ನಂತೆ ಬಿದ್ದಾಗ ತಾನಾಗಿ ಕಳಚಿಕೊಳ್ಳುವ ಏರ್ಪಾಡು ಇದಲ್ಲ; ಕಳಚಲೇಬಾರದು, ಅದರಲ್ಲೂ ಒಂದೇ ಕಾಲು. ತಪ್ಪು ನನ್ನದೇ. ಈಗ ಒತ್ತಿದ ಮೇಲೆ ಹಿಮ್ಮಡಿಯನ್ನು ಮೇಲಕ್ಕೆಳೆದು ನೋಡದೆ ಹೊರಡುವುದಿಲ್ಲ.

ಸೊಂಟ ನೆಟ್ಟಗೆ:
ಹೊಸಬರೇ, ಹಿಮ ಮುಟ್ಟುವ ಆಸೆಯನ್ನು ಈಗಲೇ ಬಿಡಿ. ಚಿತ್ರಗಳಲ್ಲಿ ಕೈ ಹಿಮಕ್ಕೆ ತಾಗಿರುವುದನ್ನು ಕಂಡು ಎಲ್ಲರೂ ಸೊಂಟ ಮುರಿದುಕೊಂಡು ಕೈ ಚಾಚುತ್ತಾರೆ. ಕೈ ತಗುಲುತ್ತದೆ, ಹಲಗೆ ಮಾತ್ರ ಚಪ್ಪಟೆಯಾಗಿ ಜಾರುತ್ತದೆ. ಮೊಣಕಾಲು ಮಡಿಸಿ, ಸೊಂಟವನ್ನು ತಿರುವಿನ ಒಳಕ್ಕೆ ಇಳಿಸಿ, ಭುಜಗಳನ್ನು ಇಳಿಜಾರಿಗೆ ಸಮನಾಗಿಡಿ. ಕಣ್ಣು ತಿರುವು ಮುಗಿಯುವ ಕಡೆಗಿರಲಿ. ಮೂತಿಯನ್ನೇ ನೋಡುತ್ತಿದ್ದರೆ ತಿರುವು ಅರ್ಧಕ್ಕೇ ಸಾಯುತ್ತದೆ.

ಹಳೆಯ ಹಲಗೆ:
ಇದನ್ನು ಪೂರ್ತಿ ಒಪ್ಪಲಾರೆ. ಸ್ವಿಟ್ಜರ್ಲೆಂಡಿನ ಜಿನಾಲ್ ಕಡೆಯ ಎಕ್ಸ್‌ಟ್ರೀಮ್ ಕಾರ್ವಿಂಗ್‌ನವರು ಎರಡೂ ಬದಿಯ ತಿರುವುಗಳಲ್ಲಿ ಇಡೀ ಮೈಯನ್ನು ಹಿಮದ ಮೇಲೆ ಚೆಲ್ಲಿಯೇ ತಿರುಗುತ್ತಾರೆ. ಅದೂ ಒಂದು ಮಾರ್ಗ.

ಸೊಂಟ ನೆಟ್ಟಗೆ:
ಮಾರ್ಗವೇನೋ ಸರಿ, ಮೊದಲ ವರ್ಷದ್ದಲ್ಲ. ಅವರ ಮೈ ಕೆಳಗಿಳಿಯುವುದು ಹಲಗೆ ಪೂರ್ತಿ ಎದ್ದು ನಿಂತ ಮೇಲೆ.

ಮೊದಲ ಲಿಫ್ಟ್:
ಸುಖದ ಅರ್ಧಪಾಲು ಹೊತ್ತಿನದು. ರಾತ್ರಿ ಹಿಮ ಹದಮಾಡುವ ಯಂತ್ರ ಉತ್ತು ಹೋದ ಇಳಿಜಾರು ಬೆಳಿಗ್ಗೆ ಸಣ್ಣ ಸಣ್ಣ ಸಾಲುಗಳಾಗಿ, ಯಾರೂ ತುಳಿಯದೆ ಕಾದಿರುತ್ತದೆ. ಹನ್ನೊಂದು ಗಂಟೆಗೆ ಗುಡ್ಡೆ ಬಿದ್ದಿರುತ್ತದೆ, ಜನ ತುಂಬಿರುತ್ತಾರೆ. ನಾನು ಅಷ್ಟು ಹೊತ್ತಿಗೆ ಕಾಫಿ ಕುಡಿಯುತ್ತಿರುತ್ತೇನೆ.

ಜನರ ವಿಷಯ ಗಂಭೀರವಾದದ್ದು. ಕಾರ್ವ್ ಮಾಡುವವರು ಇಳಿಜಾರಿನ ಇಡೀ ಅಗಲವನ್ನು ಬಳಸುತ್ತಾರೆ, ತಿರುವಿನ ಕೊನೆಗೆ ಮೇಲ್ಮುಖವಾಗಿಯೂ ಹೋಗುತ್ತಾರೆ. ಹಿಂದಿನಿಂದ ಬರುವವರು ಅದನ್ನು ನಿರೀಕ್ಷಿಸಿರುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಡವಳಿಕೆ ನಿಯಮಗಳಲ್ಲಿ ಮೂರನೆಯದು ಹಿಂದಿನವರ ಮೇಲೆ ಹೊಣೆ ಹೊರಿಸುತ್ತದೆ, ನಿಜ. ಆದರೆ ಮೇಲ್ಮುಖವಾಗಿ ಚಲಿಸುವವರು ಮೇಲೆ ಕೆಳಗೆ ನೋಡಿಕೊಳ್ಳಬೇಕೆಂದು ಐದನೆಯದು ಹೇಳುತ್ತದೆ. ಪ್ರತಿ ತಿರುವಿಗೂ ಮುಂಚೆ ಹೆಗಲ ಮೇಲಿಂದ ಒಮ್ಮೆ ನೋಡುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಐವತ್ತೆರಡಕ್ಕೆ ಶುರು:
ವಯಸ್ಸಿನ ಪ್ರಶ್ನೆಗೆ ನನ್ನ ಹೆಸರೇ ಉತ್ತರ. ಸ್ಕೀಯಿಂದ ಬಂದವಳು ನಾನು, ಅದರಿಂದ ಅನುಕೂಲವೇ ಆಯಿತು: ಮುಖ ಮುಂದಕ್ಕಿರುವುದು, ಗಟ್ಟಿ ಬೂಟು, ಅಂಚಿನ ನಂಬಿಕೆ ಎಲ್ಲವೂ ಹಳೆಯ ಪರಿಚಯ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಚೆಕ್ ಆಟಗಾರ್ತಿ ಎಸ್ಟರ್ ಲೆಡೆಟ್ಸ್ಕಾ ಸ್ಕೀಯ ಸೂಪರ್-ಜಿ ಮತ್ತು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದಾಗ ಜಗತ್ತು ಬೆರಗಾಯಿತು. ನನ್ನ ಯಜಮಾನರು ಮಾತ್ರ “ಎರಡೂ ಅಂಚಿನ ಕೆಲಸವೇ ಅಲ್ಲವೇ” ಎಂದು ಚಾನೆಲ್ ಬದಲಿಸಿದರು.

ಹೊಸಬ:
ಎಲ್ಲರಿಗೂ ಧನ್ಯವಾದ. ಹಳೆಯ ಬೂಟು, 163ರ ಹಲಗೆ ಎರವಲು ಸಿಕ್ಕವು. ನಿನ್ನೆ ಮೊದಲ ದಿನ. ಗೆರೆ ಒಂದೂ ಮೂಡಲಿಲ್ಲ, ಮೊಣಕಾಲಿನ ಕೆಳಗಿನ ಮೂಳೆ ಮಾತ್ರ ಕೆಂಪಾಗಿ ಬಾತಿದೆ. ಇದು ಸಹಜವೇ?

ಅಳತೆಪಟ್ಟಿ:
ಸಾಕ್ಸ್ ಎಷ್ಟು ಜೊತೆ ಹಾಕಿದ್ದಿರಿ?

ಹೊಸಬ:
ಎರಡು. ಚಳಿಯಿತ್ತು.

ಅಳತೆಪಟ್ಟಿ:
ಒಂದೇ ಹಾಕಿ, ತೆಳುವಾದದ್ದು, ಮೊಣಕಾಲಿನವರೆಗೆ ಎಳೆದು, ಸುಕ್ಕಿಲ್ಲದಂತೆ. ಪಾದದ ಮೇಲಿನ ಬಕಲ್ ಸಡಿಲಿಸಿ, ಮೇಲ್ಗಡೆಯ ಪಟ್ಟಿ ಬಿಗಿಯಿರಿ. ಕಾಲು ಬೂಟಿನೊಳಗೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತಿದೆ, ಅಷ್ಟೇ. ಎರಡು ದಿನ ಬಿಟ್ಟು ಹೋಗಿ.