ಉದ್ಯಮಿಗಳ ಬದುಕಿನಲ್ಲಿ ಕೆಲಸಕ್ಕೆ ಬರುವ ಪಾಠ ಯಾವುದು? ಬಲ್ಲವರು ಹೇಳಿ

ಶಿಫ್ಟ್ ಸೂಪರ್‌ವೈಸರ್, ತುಮಕೂರು (ಕೇಳಿದವರು)

ವಸಂತನರಸಾಪುರದ ಸಿಎನ್‌ಸಿ ಜಾಬ್‌ವರ್ಕ್ ಘಟಕದಲ್ಲಿದ್ದೇನೆ, ಅಂದರೆ ಕಂಪ್ಯೂಟರ್ ನಡೆಸೋ ಮಷೀನಿನಲ್ಲಿ ಬೇರೆ ಕಂಪನಿಗಳಿಗೆ ಲೋಹದ ಬಿಡಿಭಾಗ ಕೊರೆದುಕೊಡೋ ಕೆಲಸ. 10 ಮಷೀನು, ಎರಡು ಶಿಫ್ಟು. ಬರೋ ತಿಂಗಳಿಂದ ಇಡೀ ಪ್ಲಾಂಟ್ ನೀನೇ ನೋಡ್ಕೋ ಅಂದಿದ್ದಾರೆ ಮಾಲೀಕರು. ದೊಡ್ಡ ಉದ್ಯಮಿಗಳ ಭಾಷಣ ಎಷ್ಟು ಕೇಳಿದರೂ ಕನಸು, ಛಲ, ಶ್ರಮ ಅಷ್ಟೇ ಸಿಗ್ತಿದೆ. ಅವರು ನಿಜಕ್ಕೂ ಏನು ಮಾಡಿದರು, ಅದರಲ್ಲಿ ನನ್ನಂಥವನು ಸೋಮವಾರ ಬೆಳಗ್ಗೆ ಶುರು ಮಾಡಬಹುದಾದ್ದು ಯಾವುದು? ಯಾವ ಕ್ಷೇತ್ರದವರಾದರೂ ಸರಿ. ಇನ್ನೊಂದು ಮಾತು, ನಮ್ಮ ಆರ್ಡರಿನ ಮುಕ್ಕಾಲು ಪಾಲು ಒಂದೇ ಕಂಪನಿಯಿಂದ ಬರುತ್ತೆ.

ಕಾಸ್ಟ್ ಅಕೌಂಟೆಂಟ್, ಪೀಣ್ಯ

ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ದಿನದ ಲೆಕ್ಕದಿಂದ ಶುರು ಮಾಡಿ. ನಾರಾಯಣ ಹೃದಯಾಲಯದಲ್ಲಿ ಹಿಂದಿನ ದಿನದ ಆದಾಯ, ಖರ್ಚು, ಉಳಿಕೆ ಮೂರೂ ಮರುದಿನ ಮಧ್ಯಾಹ್ನದ ಹೊತ್ತಿಗೆ ಹಿರಿಯ ವೈದ್ಯರ ಮೊಬೈಲಿಗೆ ಎಸ್‌ಎಂಎಸ್ ಆಗಿ ಹೋಗುವ ಪದ್ಧತಿ ತಂದವರು ಅವರು. ತಿಂಗಳ ಕೊನೆಗೆ ಸಿಗೋ ಲೆಕ್ಕ ಪೋಸ್ಟ್‌ಮಾರ್ಟಂ ವರದಿ, ಆಗ ರೋಗಿ ಉಳಿದಿರೋದಿಲ್ಲ ಅನ್ನೋದು ಅವರ ವಾದ.

ನಿಮ್ಮ ಪ್ಲಾಂಟಿಗೆ ಇದನ್ನು ಹೀಗೆ ಇಳಿಸಬಹುದು (ಅಂಕಿಗಳು ಉದಾಹರಣೆಗೆ ಮಾತ್ರ). ಸಂಬಳ, ಬಾಡಿಗೆ, ಬ್ಯಾಂಕ್ ಕಂತು ಎಲ್ಲ ಸೇರಿಸಿ ಕೆಲಸದ ದಿನಗಳಿಂದ, ಅಂದರೆ 25 ಅಥವಾ 26ರಿಂದ ಭಾಗಿಸಿ. 30ರಿಂದ ಭಾಗಿಸಿದರೆ ಭಾನುವಾರದ ಖರ್ಚು ಎಲ್ಲೋ ಮಾಯವಾಗಿ, ಇಲ್ಲದ ಲಾಭ ಕಾಣಿಸುತ್ತೆ. ದಿನದ ಖರ್ಚು 70,000 ರೂಪಾಯಿ ಬಂತು ಅಂದುಕೊಳ್ಳಿ. ನಿನ್ನೆ 1,460 ಪೀಸ್ ಓಡಿಸಿದಿರಿ, ಕ್ಯೂಸಿ (ಗುಣಮಟ್ಟದ ತಪಾಸಣೆ) ಪಾಸಾಗಿದ್ದು 1,400. ಪೀಸಿಗೆ 62 ರೂಪಾಯಿ ದರ, ಆದಾಯ 86,800. ಕರೆಂಟು, ಇನ್ಸರ್ಟು (ಲೋಹ ಕೊರೆಯೋ ಅಲಗು), ಕೂಲಂಟು (ತಣಿಸೋ ದ್ರವ) ಪೀಸಿಗೆ 12. ಅದು ರಿಜೆಕ್ಟ್ ಆದ ಪೀಸಿಗೂ ತಗುಲುತ್ತೆ, ಹಾಗಾಗಿ 1,460ಕ್ಕೆ 17,520. ಉಳಿದದ್ದು 69,280. ಅದರಲ್ಲಿ 70,000 ಕಳೆದರೆ 720 ರೂಪಾಯಿ ನಷ್ಟ. ಆ 60 ಪೀಸು ಸರಿ ಬಂದಿದ್ದರೆ 3,720 ಹೆಚ್ಚಿಗೆ ಸಿಕ್ಕು 3,000 ಲಾಭ ಆಗ್ತಿತ್ತು. ನೂರಕ್ಕೆ ನಾಲ್ಕು ರಿಜೆಕ್ಟ್ ಅಂದರೆ ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದರೆ ಇಲ್ಲಿ ಇಡೀ ದಿನದ ದುಡಿಮೆ ಅದರ ಮೇಲೇ ನಿಂತಿದೆ. ಮೆಟೀರಿಯಲ್ ಗಿರಾಕಿಯದಾದರೆ ಹಾಳಾದದ್ದರ ಬೆಲೆ ಮುರಿದುಕೊಳ್ಳೋ ಡೆಬಿಟ್ ನೋಟ್ ಬೇರೆ ಬರುತ್ತೆ.

ಇದು ಕೆಡೋದು ಎರಡು ಕಡೆ. ಕರೆಂಟ್ ಬಿಲ್ ಬರಲಿ, ಆಮೇಲೆ ಸರಿಯಾದ ಅಂಕಿ ಹಾಕೋಣ ಅಂತ ಕಾಯ್ತಾರೆ, ಎರಡು ವಾರಕ್ಕೆ ಎಲ್ಲ ನಿಂತುಹೋಗುತ್ತೆ. ಅಂದಾಜು ಹಾಕಿ, ತಿಂಗಳ ಕೊನೆಗೆ ತಿದ್ದಿ. ಎರಡನೆಯದು, ಆ ಅಂಕಿ ಹಿಡಿದು ಶಿಫ್ಟಿನವರಿಗೆ ಬೈಯೋದು. ಒಂದು ಸಲ ಬೈದರೆ ಮಾರನೇ ದಿನದಿಂದ ಬರೋದು ಸುಳ್ಳು ಅಂಕಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ಮುಕ್ಕಾಲು ಪಾಲು ಒಂದೇ ಗಿರಾಕಿ ಅಂದಿರಲ್ಲ, ಸಾಲದ ಅರ್ಜಿ ನೋಡುವ ಯಾವ ಮ್ಯಾನೇಜರೂ ಮೊದಲು ಬೆರಳಿಡುವುದು ಅಲ್ಲೇ.

1995ರಲ್ಲಿ ಇನ್ಫೋಸಿಸ್ ಇದೇ ಇಕ್ಕಟ್ಟಿನಲ್ಲಿತ್ತು. ಆದಾಯದ ಸುಮಾರು ಕಾಲು ಭಾಗ ಜನರಲ್ ಎಲೆಕ್ಟ್ರಿಕ್‌ನಿಂದ. ದರ ಇಳಿಸಿ ಅಂತ ಪಟ್ಟು ಹಿಡಿದಾಗ ನಾರಾಯಣ ಮೂರ್ತಿಯವರ ತಂಡ ಒಪ್ಪದೆ ಆ ಗಿರಾಕಿಯನ್ನೇ ಬಿಟ್ಟಿತು. ಅದಾದ ಮೇಲೆ ಒಬ್ಬ ಗಿರಾಕಿ, ಒಂದು ತಂತ್ರಜ್ಞಾನ, ಒಂದು ದೇಶ ಇವುಗಳಲ್ಲಿ ಯಾವುದರ ಮೇಲೂ ಅತಿಯಾಗಿ ವಾಲಬಾರದೆಂಬುದು ಕಂಪನಿಯ ನಿಯಮವೇ ಆಯಿತು. ಇದನ್ನು ಕೇಳಿ ನೀವೂ ನಾಳೆ ಬಿಟ್ಟು ಬರಬೇಡಿ! ಅವರದ್ದು ಕಾಲು ಭಾಗ, ನಿಮ್ಮದು ಮುಕ್ಕಾಲು. ನೀವು ಬಿಟ್ಟರೆ ಬಾಗಿಲು ಮುಚ್ಚಬೇಕಾಗುತ್ತೆ.

ವಿಜಯ ಸಂಕೇಶ್ವರರ ದಾರಿ ನಿಮಗೆ ಹತ್ತಿರ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುವಾದ ವಿಆರ್‌ಎಲ್ ಬೆಳೆದದ್ದು ಪಾರ್ಸೆಲ್ ಸಾಗಣೆಯ ಮೇಲೆ. ಇಡೀ ಲಾರಿ ಒಬ್ಬರಿಗೆ ಬಾಡಿಗೆಗೆ ಕೊಟ್ಟರೆ ದರ ಹೇಳುವವರು ಅವರು. ಅದೇ ಲಾರಿಯಲ್ಲಿ ಹತ್ತಾರು ಜನರ ಗಂಟು-ಪೆಟ್ಟಿಗೆ ತುಂಬಿದರೆ ದರ ಹೇಳುವವರು ನೀವು. ಬುಕಿಂಗ್ ಕಚೇರಿ, ಗೋದಾಮು, ಇಳಿಸಿ ಏರಿಸುವ ಜಾಗ ಎಲ್ಲ ಬೇಕು, ತಲೆನೋವು ಹೆಚ್ಚು ನಿಜ. ಆದರೆ ಒಬ್ಬ ಗಿರಾಕಿ ಎದ್ದು ಹೋದರೆ ಗೊತ್ತೇ ಆಗುವುದಿಲ್ಲ. 

ನಿಮ್ಮ ಮಟ್ಟಿಗೆ: ಹತ್ತರಲ್ಲಿ ಎರಡು ಮಷೀನು ಹೊಸ ಗಿರಾಕಿಗೆ ಮೀಸಲಿಡಿ. ಸ್ಯಾಂಪಲ್, ಆಡಿಟ್, ಪಿಪಿಎಪಿ (ಉತ್ಪಾದನೆಗೆ ಮೊದಲು ಗಿರಾಕಿ ಕೊಡುವ ಬಿಡಿಭಾಗದ ಒಪ್ಪಿಗೆ) ಮುಗಿಯಲು ತಿಂಗಳುಗಟ್ಟಲೆ ಬೇಕು. ಹಳಬರು ಕೈಕೊಟ್ಟ ಮೇಲೆ ಹುಡುಕಲು ಹೊರಟರೆ ಅಷ್ಟರೊಳಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮಿತಿ ಖಾಲಿಯಾಗಿರುತ್ತದೆ. ಈಗಿನ ಗಿರಾಕಿ ವಾಹನದ ಬಿಡಿಭಾಗದವರಾಗಿದ್ದು ಎರಡನೆಯವರೂ ಅದೇ ಆದರೆ ಪ್ರಯೋಜನವಿಲ್ಲ, ಮಾರುಕಟ್ಟೆ ಬಿದ್ದ ದಿನ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಪಂಪು, ವಾಲ್ವು, ಕೃಷಿ ಯಂತ್ರದ ಕಡೆ ನೋಡಿ.

ಬಾಕಿ ವಸೂಲಿಗೆ ಕಾನೂನೂ ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರುವ ಮೈಕ್ರೋ, ಸಣ್ಣ ಘಟಕಕ್ಕೆ ಖರೀದಿದಾರ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬಡ್ಡಿ ದರವಾದ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಆದಾಯ ತೆರಿಗೆಯ ನಿಯಮ: 2023-24ರಿಂದ, ಗಡುವು ಮೀರಿದ ಬಾಕಿಯನ್ನು ಕೊಡುವವರೆಗೆ ಅವರು ಖರ್ಚಿಗೆ ಹಾಕಿಕೊಳ್ಳುವಂತಿಲ್ಲ. ಹಾಗಾಗಿ ಮಾರ್ಚ್ ಕೊನೆಗೆ ಲೆಕ್ಕದ ವರ್ಷ ಮುಗಿಯುವ ಮುನ್ನ, ಫೆಬ್ರವರಿಯಲ್ಲೇ ಅವರ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿ, ಜೊತೆಗೆ ಉದ್ಯಮ್ ಪ್ರಮಾಣಪತ್ರದ ಪ್ರತಿ ಕಳಿಸಿ. ಜಗಳ ಬೇಕಾಗುವುದಿಲ್ಲ. ಇನ್‌ವಾಯ್ಸ್ ಮೇಲೆ ಆ ನೋಂದಣಿ ಸಂಖ್ಯೆ ಮುದ್ರಿಸದೆ ಸುಮ್ಮನಿರುವ ಘಟಕಗಳೇ ಹೆಚ್ಚು.

ಷೇರು ವಿಶ್ಲೇಷಕಿ, ಬೆಂಗಳೂರು

ಒಂದು ತಕರಾರು. ಗೆದ್ದವರನ್ನೇ ಓದಿದರೆ ಅರ್ಧ ಪಾಠ ತಪ್ಪಿಹೋಗುತ್ತೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ತಂದು ವಿಮಾನವನ್ನು ಸಾಮಾನ್ಯರಿಗೆ ಎಟುಕಿಸಿದರು, ಒಂದು ರೂಪಾಯಿ ಟಿಕೆಟ್ಟೂ ಇತ್ತು. ಸೀಟು ತುಂಬಿದರೂ ನಷ್ಟ ನಿಲ್ಲಲಿಲ್ಲ. 2007ರಲ್ಲಿ ಯುಬಿ ಗ್ರೂಪ್ ಒಳಗೆ ಬಂತು, ಕೊನೆಗೆ ಅದು ಕಿಂಗ್‌ಫಿಶರ್‌ನಲ್ಲಿ ಸೇರಿತು, ಕಿಂಗ್‌ಫಿಶರ್ 2012ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಒಂದೊಂದು ಪೀಸಿನಲ್ಲೂ ಕೈ ಕಚ್ಚುತ್ತಿದ್ದರೆ ಹೆಚ್ಚು ಪೀಸು ಮಾಡಿದಷ್ಟೂ ಹೆಚ್ಚು ಕಚ್ಚುತ್ತೆ. ದೊಡ್ಡ ಆರ್ಡರ್ ಕೊಡ್ತೀವಿ, ದರ ಇಳಿಸಿ ಅಂತ ಬಂದಾಗ ನೆನಪಿಡಬೇಕಾದ್ದು ಇದು.

ಜೀವನಚರಿತ್ರೆ ಬದಿಗಿಡಿ, ಐಪಿಒ ಪ್ರಾಸ್ಪೆಕ್ಟಸ್ ಓದಿ, ಅಂದರೆ ಮೊದಲ ಸಲ ಷೇರು ಮಾರುವಾಗ ಕಂಪನಿ ಕೊಡೋ ವಿವರಪತ್ರ. ಷೇರುಪೇಟೆ ನಿಯಂತ್ರಕ ಸೆಬಿಯ ಜಾಲತಾಣದಲ್ಲಿ ಉಚಿತ. ವಿಆರ್‌ಎಲ್, ನಾರಾಯಣ ಹೃದಯಾಲಯ ಎರಡೂ 2015ರಲ್ಲಿ ಐಪಿಒ ತಂದವು. ಅದರಲ್ಲಿ 'ರಿಸ್ಕ್ ಫ್ಯಾಕ್ಟರ್ಸ್' ಅಧ್ಯಾಯ ಮಾತ್ರ ಸಾಕು. ಯಾವುದು ತಮ್ಮನ್ನು ಮುಳುಗಿಸಬಹುದು ಅಂತ ಕಂಪನಿ ತಾನೇ ಬರೆದುಕೊಟ್ಟಿರುತ್ತೆ, ಯಾಕಂದ್ರೆ ಮುಚ್ಚಿಟ್ಟರೆ ಕೇಸು ಬೀಳುತ್ತೆ. ಭಾಷಣದಲ್ಲಿ ಆ ಭಯ ಇಲ್ಲವಲ್ಲ.

ಕ್ವಾಲಿಟಿ ಎಂಜಿನಿಯರ್, ಹೊಸೂರು

ಅಳತೆ ಬಗ್ಗೆ ಯಾರೂ ಹೇಳಲಿಲ್ಲ. ಟೈಟನ್‌ನವರ ತನಿಷ್ಕ್ ಶುರುವಿನಲ್ಲಿ 18 ಕ್ಯಾರೆಟ್ ಒಡವೆ ಇಟ್ಟು ಸೋತಿತ್ತು. 22ಕ್ಕೆ ಬಂದ ಮೇಲೂ ಮನೆಯ ಪರಿಚಯದ ಅಕ್ಕಸಾಲಿಗರನ್ನು ಬಿಟ್ಟು ಜನ ಅಂಗಡಿಗೆ ಬರಬೇಕಲ್ಲ. ಅವರು ತಂದದ್ದು ಕ್ಯಾರೆಟ್‌ಮೀಟರ್. ಒಡವೆ ಕರಗಿಸದೆ, ಉಜ್ಜದೆ, ಎಕ್ಸ್‌ರೇಯಿಂದ ಕೆಲವೇ ನಿಮಿಷದಲ್ಲಿ ಚಿನ್ನದ ಶುದ್ಧತೆ ಗಿರಾಕಿಯ ಕಣ್ಣೆದುರೇ ತೋರಿಸೋದು. ನಮ್ಮ ಚಿನ್ನ ಒಳ್ಳೆಯದು ಅಂತ ಬಾಯಲ್ಲಿ ಹೇಳೋ ಅಗತ್ಯವೇ ಬೀಳಲಿಲ್ಲ.

ನಿಮ್ಮಲ್ಲಿ ಆಪರೇಟರ್ ಸರಿ ಅಂತಾನೆ, ಕ್ಯೂಸಿ ರಿಜೆಕ್ಟ್ ಅಂತಾರೆ, ಅಲ್ವಾ? ಇಂಥ ಎಷ್ಟೋ ಜಗಳ ಶಾಖದ್ದು. ಉಕ್ಕು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಮಿಮೀನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತೆ. 100 ಮಿಮೀ ವ್ಯಾಸದ ಪೀಸು ಗೇಜಿಗಿಂತ (ಅಳತೆ ಉಪಕರಣ) 10 ಡಿಗ್ರಿ ಬಿಸಿ ಇದ್ದಾಗ ಅಳೆದರೆ 11 ಮೈಕ್ರಾನಿಗೂ ಮೇಲೆ ತಪ್ಪು ತೋರಿಸುತ್ತೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ಕೋಣೆ 32 ಡಿಗ್ರಿ ಇದ್ದರೂ ಪೀಸು, ಗೇಜು ಎರಡೂ ಉಕ್ಕಾಗಿ ಒಂದೇ ಬಿಸಿಯಲ್ಲಿದ್ದರೆ ತೊಂದರೆ ಇಲ್ಲ, ವ್ಯತ್ಯಾಸ ಇದ್ದರೆ ಮಾತ್ರ ಎಡವಟ್ಟು. ಮಷೀನ್ ಪಕ್ಕ ಒಂದು ದಪ್ಪ ಉಕ್ಕಿನ ಪ್ಲೇಟ್ ಇಡಿ, ಪೀಸು ಅದರ ಮೇಲೆ ತಣಿದ ಮೇಲೆ ಅಳೆಯಿರಿ. ಆಪರೇಟರ್, ಕ್ಯೂಸಿ ಇಬ್ಬರ ಗೇಜೂ ಶಿಫ್ಟ್ ಶುರುವಿಗೆ ಒಂದೇ ಮಾಸ್ಟರಿಗೆ (ನಿಖರ ಅಳತೆಯ ಮಾದರಿ ಪೀಸು) ಸೊನ್ನೆ ಆಗಲಿ, ಇಬ್ಬರೂ ನೋಡ್ತಿರುವಾಗಲೇ.

ಎಚ್‌ಆರ್, ಮೈಸೂರು

ನಿಮ್ಮ ಸ್ವಂತ ಕೆರಿಯರ್ ವಿಚಾರಕ್ಕೆ ಬಯೋಕಾನ್ ಔಷಧ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಷಾ. ಓದಿದ್ದು ಬಿಯರ್ ತಯಾರಿಕೆ. ಆಗ ಹೆಣ್ಣುಮಗಳಿಗೆ ಬ್ರೂಮಾಸ್ಟರ್ (ಬಿಯರ್ ತಯಾರಿಕೆಯ ಮುಖ್ಯಸ್ಥೆ) ಕೆಲಸ ಕೊಡೋರಿರಲಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರು, ಮೊದಲು ಪರಂಗಿ ಹಣ್ಣಿನ ಪಪೇನ್ ಥರದ ಕಿಣ್ವ, 2004ರ ಹೊತ್ತಿಗೆ ಯೀಸ್ಟಿನಿಂದ ಇನ್ಸುಲಿನ್. ಸರಕು ಬದಲಾಗ್ತಾ ಹೋಯ್ತು, ಯೀಸ್ಟು-ಹುದುಗಿನ ವಿದ್ಯೆ ಕೈಬಿಡಲಿಲ್ಲ. ರೆಸ್ಯೂಮೆಯಲ್ಲಿ 'ಸೂಪರ್‌ವೈಸರ್' ಅಂತ ಹುದ್ದೆ ಬರೆಯೋ ಬದಲು 'ಸೆಟಪ್ ಸಮಯ (ಹೊಸ ಪೀಸಿಗೆ ಮಷೀನ್ ಸಜ್ಜು ಮಾಡೋ ಹೊತ್ತು) ಇಷ್ಟರಿಂದ ಇಷ್ಟಕ್ಕೆ ಇಳಿಸಿದ್ದು' ಅಂತ ಬರೆಯಿರಿ. ಅದನ್ನು ಯಾವ ಕಾರ್ಖಾನೆಯವರೂ ಓದ್ತಾರೆ.

ಶಿಫ್ಟ್ ಸೂಪರ್‌ವೈಸರ್, ತುಮಕೂರು

ಎಲ್ಲರಿಗೂ ಧನ್ಯವಾದ. ದಿನದ ಲೆಕ್ಕ ಸೋಮವಾರದಿಂದಲೇ. ಆದರೆ ರಿಜೆಕ್ಟ್ ಪೀಸನ್ನೇ ಬಚ್ಚಿಡ್ತಾರಲ್ಲ, ಸ್ಕ್ರ್ಯಾಪ್ ಬುಟ್ಟಿಯ ತಳದಲ್ಲಿ ಸಿಗುತ್ತೆ. ಅದಕ್ಕೇನು ಮಾಡೋದು?

ಪ್ರೊಡಕ್ಷನ್, ಬಿಡದಿ

ಟೊಯೋಟಾ ಪದ್ಧತಿಯಲ್ಲಿ ಲೈನಿನ ಪಕ್ಕ ಒಂದು ಹಗ್ಗ (ಈಗ ಕೆಲವೆಡೆ ಗುಂಡಿ) ಇರುತ್ತೆ, ಆಂಡನ್ ಹಗ್ಗ ಅಂತಾರೆ. ಅನುಮಾನ ಬಂದರೆ ಯಾರು ಬೇಕಾದರೂ ಎಳೀಬಹುದು. ಎಳೆದ ಕೂಡಲೇ ಲೈನ್ ನಿಲ್ಲಲ್ಲ, ಟೀಮ್ ಲೀಡರ್ ಓಡಿ ಬರ್ತಾರೆ. ನಿಗದಿತ ಜಾಗ ತಲುಪೋದ್ರೊಳಗೆ ಬಗೆಹರಿಯದಿದ್ರೆ ಮಾತ್ರ ನಿಲ್ಲುತ್ತೆ. ಎಳೆದವರನ್ನು ಯಾರೂ ಯಾಕಪ್ಪಾ ಎಳೆದೆ ಅನ್ನೋ ಹಾಗಿಲ್ಲ, ಇಡೀ ಪದ್ಧತಿಯ ಜೀವ ಅದು.

ನಿಮಗೆ ಹಗ್ಗ ಬೇಡ. ಪ್ರತಿ ಮಷೀನಿಗೆ ಒಂದು ಕೆಂಪು ಡಬ್ಬ ಇಡಿ. ಪೀಸಿಗೆ ಕಟ್ಟೋ ಚೀಟಿಯಲ್ಲಿ ಮಷೀನ್ ನಂಬರ್, ಹೊತ್ತು, ತಪ್ಪಿದ ಅಳತೆ ಮಾತ್ರ ಇರಲಿ, ಹೆಸರು ಹಾಕಿಸಬೇಡಿ. ದಿನಾ 10 ಗಂಟೆಗೆ ಟೂಲ್‌ರೂಮಿನವರು, ಕ್ಯೂಸಿ, ನೀವು ಡಬ್ಬದ ಹತ್ತಿರವೇ ನಿಂತು ನೋಡಿ. ಆಫೀಸಿಗೆ ತರಿಸಬೇಡಿ, ಚಿಪ್ಸ್ (ಲೋಹದ ಚೂರು) ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನೋದು ಅಲ್ಲೇ ಕಾಣೋದು. ಯಾಕೆ ಅಂತ ಐದು ಸಲ ಕೇಳಿ: ಬೋರ್ (ಕೊರೆದ ತೂತು) ಯಾಕೆ ದೊಡ್ಡದಾಯ್ತು, ಪೀಸು ಓರೆ ಕೂತಿತ್ತು. ಯಾಕೆ, ಪೀಸು ಹಿಡಿಯೋ ಜಾ ಮೇಲೆ ಚಿಪ್ಸ್. ಯಾಕೆ, ಏರ್ ಗನ್ ಹೊಡೆದಿಲ್ಲ. ಯಾಕೆ, ಪೈಪು ಅಲ್ಲಿವರೆಗೆ ಬರಲ್ಲ. ಯಾಕೆ, ಮಷೀನ್ ಸರಿಸಿದಾಗ ಪೈಪು ಉದ್ದ ಮಾಡಿಲ್ಲ. ಕೊನೆ ಉತ್ತರ 'ರಮೇಶನ ಅಜಾಗರೂಕತೆ' ಅಂತ ಬಂದರೆ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ. ಪೈಪು ಅಂತ ಬಂದರೆ ಅವತ್ತೇ ಎರಡು ಮೀಟರ್ ಪೈಪು ಹಾಕಿಸಿ. ಹಾಕಿಸೋದು ಒಂದು ವಾರ ತಡವಾದರೂ ಡಬ್ಬ ಖಾಲಿ ಬರೋಕೆ ಶುರುವಾಗುತ್ತೆ, ಪೀಸು ಮತ್ತೆ ಸ್ಕ್ರ್ಯಾಪ್ ಬುಟ್ಟಿಯ ತಳಕ್ಕೆ ಹೋಗುತ್ತೆ.